ನಲ್ಲಿಗಾಗಿ ತಿರುಗಿದ ಎರಡು ತಟ್ಟೆಗಳು

1954ನೆಯ ಇಸವಿ ಮೇ ತಿಂಗಳ 23ನೆಯ ತಾರೀಖು, ಭಾನುವಾರ, ಸಂಜೆ ನಾಲ್ಕು ಗಂಟೆ. ತಾರೀಖಿಗೆ ನನ್ನ ಆಧಾರ ಆ ವರ್ಷ ನಾನು ಬರೆಯುತ್ತಿದ್ದ ದಿನಚರಿ. ವಾರವನ್ನು ಜಯ ಸಂವತ್ಸರದ ಪಂಚಾಂಗದೊಡನೆ ಹೋಲಿಸಿ ನೋಡಿದ್ದೇನೆ, ಸರಿಯಾಗಿದೆ. ಗಂಟೆಗೆ ಮಾತ್ರ ನೆನಪಿನ ಹೊರತು ಬೇರೆ ಆಧಾರವಿಲ್ಲ. ಬಹಳ ಹಿಂದೆ ಒಂದು ಉಪನ್ಯಾಸದಲ್ಲಿ ಇದೇ ಸಂಗತಿಯನ್ನು ಹೇಳುವಾಗ ನಾನು 1953 ಎಂದಿದ್ದೆ. ಅದು ತಪ್ಪು. ಅಂದು ಕೇಳಿದವರಲ್ಲಿ ಯಾರಾದರೂ ಅದನ್ನು ಬರೆದಿಟ್ಟುಕೊಂಡಿದ್ದರೆ ದಯವಿಟ್ಟು ತಿದ್ದಿಕೊಳ್ಳಬೇಕು.

ದಿನಚರಿಯ ಆ ಪುಟದಲ್ಲಿರುವುದು ಮೂರೇ ವಾಕ್ಯ. "ರಾಮಮಂದಿರದಲ್ಲಿ ಸಭೆ. ನಿಯಮ ಸೋತಿತು. ಅತ್ತೆ ಗೆದ್ದರು." ಇಪ್ಪತ್ತೊಂದು ವರ್ಷದ ಹುಡುಗನೊಬ್ಬ ಇಷ್ಟು ಚಿಕ್ಕದಾಗಿ ಬರೆದು ಮಲಗಿದನೆಂದರೆ ಒಂದೋ ಅವನಿಗೆ ನಿದ್ದೆ ಬಂದಿರಬೇಕು, ಇಲ್ಲವೇ ಅವಮಾನವಾಗಿರಬೇಕು. ಎರಡೂ ಆಗಿತ್ತೆಂದು ನನ್ನ ನೆನಪು.

ಇಲವಾಲದ ಕಡೆಯ ನಮ್ಮ ಹಳ್ಳಿಯಿಂದ ಓದಲಿಕ್ಕೆಂದು ಬಂದ ನಾನು ನಗರದ ಹಳೆಯ ಭಾಗದ ಒಂದು ಕೇರಿಯಲ್ಲಿ, ನನ್ನ ಸೋದರತ್ತೆಯ ಮನೆಯಲ್ಲಿದ್ದೆ. ಬಿ.ಎ.ಯಲ್ಲಿ ನನ್ನ ವಿಷಯ ರಾಜ್ಯಶಾಸ್ತ್ರ. ದೇಶಕ್ಕೊಂದು ಸಂವಿಧಾನ ಬಂದು ನಾಲ್ಕು ವರ್ಷ ತುಂಬಿದ್ದ ಕಾಲ. ಬರೆದಿಟ್ಟ ನಿಯಮದಿಂದ ಆಗದ ಕೆಲಸವೇ ಇಲ್ಲ ಎಂದು ನಾನು ಮನಸಾರೆ ನಂಬಿದ್ದೆ. ಮಾವ ಅರಮನೆಯ ಲಾಯದಲ್ಲಿ ನೌಕರಿಯಲ್ಲಿದ್ದರು. ಕುದುರೆಗಳೊಡನೆ ದಿನವಿಡೀ ಮಾತಾಡಿ ಬರುತ್ತಿದ್ದರಿಂದಲೋ ಏನೋ, ಮನೆಯಲ್ಲಿ ಮನುಷ್ಯರೊಡನೆ ಆಡಲು ಅವರಲ್ಲಿ ಮಾತು ಉಳಿದಿರುತ್ತಿರಲಿಲ್ಲ. ಆ ಕೊರತೆಯನ್ನು ಅತ್ತೆ ತುಂಬುತ್ತಿದ್ದರು.

ಕೇರಿ ಎಂದರೆ ಒಂದೇ ಬೀದಿ, ಇಳಿಜಾರಿನದು. ಮೇಲಿನ ತುದಿಯಲ್ಲಿ ರಾಮಮಂದಿರ, ಅದರ ಪಕ್ಕಕ್ಕೆ ಕೇರಿಯ ಯಜಮಾನರ ಮನೆ, ಎರಡರ ನಡುವೆ ಎಂದೂ ಬತ್ತದ ಒಂದು ಬಾವಿ. ಕೆಳಗಿನ ತುದಿಯಲ್ಲಿ ನಮ್ಮ ಮನೆ ಮತ್ತು ನಮ್ಮಂಥವರ ಮನೆಗಳು. ಅಲ್ಲಿಯೂ ಒಂದು ಬಾವಿಯಿತ್ತು. ಕಾಮನ ಹಬ್ಬದ ಹೊತ್ತಿಗೆ ಅದರಲ್ಲಿ ಕೊಡ ಬಿಟ್ಟರೆ ಕೆಸರು ಬರುತ್ತಿತ್ತು. ಅಲ್ಲಿಂದ ಮುಂಗಾರಿನವರೆಗೆ ಕೆಳಗಿನ ಹೆಂಗಸರು ದೊಡ್ಡ ರಸ್ತೆ ದಾಟಿ ಪಕ್ಕದ ಕೇರಿಯ ಬೀದಿ ನಲ್ಲಿಯಿಂದ ನೀರು ಹೊತ್ತು ತರಬೇಕು. ಮೇಲಿನ ಬಾವಿಯಲ್ಲಿ ಸೇದಬಾರದೆಂದು ಯಾರೂ ಹೇಳಿರಲಿಲ್ಲ. ಆದರೆ ಮೇಲಿನ ಮನೆಗಳವರು ಸೇದಿ ಮುಗಿಯುವವರೆಗೆ ಕಾಯಬೇಕಾಗಿತ್ತು, ಅವರದು ಮುಗಿಯುತ್ತಲೇ ಇರಲಿಲ್ಲ.

ಹಿಂದಿನ ವರ್ಷ ಅತ್ತೆ ತುಂಬಿದ ಕೊಡದೊಡನೆ ದೊಡ್ಡ ರಸ್ತೆಯಲ್ಲಿ ಜಾರಿ ಬಿದ್ದು ಎಡ ಮೊಣಕಾಲನ್ನು ಕೆಡಿಸಿಕೊಂಡಿದ್ದರು. ಭಾರ ಹೊರಕೂಡದೆಂದು ವೈದ್ಯರು ಹೇಳಿದ್ದನ್ನು ನಾನು ನೆನಪಿಸಿದಾಗಲೆಲ್ಲ ಅವರ ಉತ್ತರ ಒಂದೇ.

"ಡಾಕ್ಟ್ರು ಮನೇಲಿ ನೀರು ಯಾರು ತತ್ತಾರೆ ಅಂತ ಕೇಳ್ಕಂಡ್ ಬಾ. ಅವ್ರನ್ನೇ ಇಲ್ಗೂ ಕಳ್ಸು ಅಂದ್ಬುಡು."

ನಾನು ಹೊರುತ್ತೇನೆಂದರೆ ಕೇಳುತ್ತಿರಲಿಲ್ಲ. ಓದುವ ಹುಡುಗನ ಕೈಯಲ್ಲಿ ಕೊಡ ಹೊರಿಸಿದಳು ಎಂದು ತವರಿಗೆ ಸುದ್ದಿ ಹೋದರೆ ಗತಿಯೇನು ಎಂಬುದು ಅವರ ಚಿಂತೆ. ಬೆಳಕು ಹರಿಯುವ ಮುನ್ನ, ಯಾರೂ ನೋಡದ ಹೊತ್ತಿನಲ್ಲಿ, ಎರಡು ಕೊಡದ ಅನುಮತಿ ಮಾತ್ರ ನನಗಿತ್ತು. ಉಳಿದ ನೀರೆಲ್ಲ ಆ ಮೊಣಕಾಲಿನ ಮೇಲೆಯೇ ಬರಬೇಕು.

ಆ ವರ್ಷದ ಬೇಸಿಗೆಯಲ್ಲಿ ಪುರಸಭೆಯವರು ನಮ್ಮ ಕೇರಿಗೆ ಒಂದು ಬೀದಿ ನಲ್ಲಿ ಕೊಡುತ್ತಾರೆಂಬ ಸುದ್ದಿ ಬಂತು. ಒಂದೇ ನಲ್ಲಿ. ವಿಚಾರಿಸಲು ಹೋಗಿದ್ದ ಯಜಮಾನರು ಬಿಸಿಲಲ್ಲಿ ಬಂದು ನಮ್ಮ ಜಗಲಿಯ ಮೇಲೆ ಕುಳಿತು, ಒಂದು ಚೊಂಬು ನೀರು ಕುಡಿದು, ನನ್ನನ್ನು ಕರೆದರು. ಎಪ್ಪತ್ತರ ಸಮೀಪದ ವಯಸ್ಸು, ಬಿಳಿಯ ರುಮಾಲು, ಗಟ್ಟಿ ಧ್ವನಿ. ನನ್ನ ಓದಿನ ಮೇಲಿನ ಗೌರವದಿಂದಲೋ ತಮಾಷೆಗೋ ಅವರು ನನ್ನನ್ನು 'ಬಿಯ್ಯೇ' ಎಂದೇ ಕರೆಯುತ್ತಿದ್ದರು.

"ಏನಪ್ಪಾ ಬಿಯ್ಯೇ, ಯಜಮಾನ ಅಂದ್ರೆ ಯಾರು ಅಂತ ಕೇಳ್ತವ್ರೆ ಕಣಪ್ಪ ಮುನಿಸಿಪಾಲ್ಟಿಲಿ. ಸಂಘ ಅಂತ ಇರ್ಬೇಕಂತೆ, ಅದ್ಕೆ ಅಧ್ಯಕ್ಷ ಇರ್ಬೇಕಂತೆ, ಎಲ್ರೂ ಕೂತು ಠರಾವು ಮಾಡಿ ತಂದ್ರೆ ನಲ್ಲಿಯಂತೆ. ನಾವೇನು ಇಷ್ಟು ವರ್ಷ ನಿಂತ್ಕಂಡಿದ್ವಾ? ಕೂತೇ ಅಲ್ವಾ ಮಾಡಿದ್ದು?"

ಕೂತೇ ಮಾಡುತ್ತಿದ್ದರು. ಆ ಕ್ರಮವನ್ನು ಇಲ್ಲಿ ವಿವರಿಸಲೇಬೇಕು. ಕೇರಿಯ ಯಾವುದೇ ವಿಷಯ, ರಾಮನವಮಿಯ ಪಾನಕದ ಸರದಿಯಾಗಲಿ, ಅಣ್ಣತಮ್ಮಂದಿರ ಗೋಡೆಯ ಜಗಳವಾಗಲಿ, ಮಂದಿರದ ಜಗಲಿಗೆ ಬರುತ್ತಿತ್ತು. ಗಂಡಸರು ಸೇರುತ್ತಿದ್ದರು. ಮಾತು ಮುಗಿದ ಮೇಲೆ ಯಜಮಾನರು ತಮಗೆ ತೋಚಿದ ತೀರ್ಮಾನ ಹೇಳಿ ವೀಳ್ಯದ ತಟ್ಟೆಯನ್ನು ಕಳಿಸುತ್ತಿದ್ದರು. ಮಂದಿರದ ಅರ್ಚಕರು ಅದನ್ನು ಹಿಡಿದು ಹಿರಿಯರಿಂದ ಕಿರಿಯರವರೆಗೆ ಸಾಲಾಗಿ ಬರುತ್ತಿದ್ದರು. ಎಲೆ ಅಡಿಕೆ ತೆಗೆದುಕೊಂಡವನು ಒಪ್ಪಿದನೆಂದು ಅರ್ಥ. ಒಪ್ಪದವನು ಬಾಯಿಬಿಟ್ಟು ಬೇಡವೆನ್ನುತ್ತಿರಲಿಲ್ಲ. ತಟ್ಟೆಯ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಎಲೆಯನ್ನು ಅಲ್ಲೇ ಬಿಡುತ್ತಿದ್ದ. ಒಂದು ಎಲೆ ಉಳಿದು ಬಂದರೂ ಯಜಮಾನರು ತಟ್ಟೆಯನ್ನು ನೋಡಿ, "ಇನ್ನೊಂದ್ಸಲ ಕೂರಾಣ" ಎನ್ನುತ್ತಿದ್ದರು. ಯಾರ ಎಲೆ ಎಂದು ಯಾರೂ ಕೇಳುತ್ತಿರಲಿಲ್ಲ. ಎಲ್ಲರೂ ನೋಡಿರುತ್ತಿದ್ದರು.

ಮುಂದೆ ಮೂವತ್ತು ವರ್ಷ ಊರಿನ ಸಭೆಗಳ ನಡವಳಿಗಳನ್ನೇ ಓದಿ ಹೊಟ್ಟೆ ಹೊರೆದ ನಾನು, ಅಲ್ಪಮತದವನ ಮಾನವನ್ನು ಇಷ್ಟು ಜೋಪಾನವಾಗಿ ಕಾಯುವ ವಿಧಾನವನ್ನು ಬೇರೆಲ್ಲಿಯೂ ಕಾಣಲಿಲ್ಲ. ಆದರೆ ಅಂದು ನನಗೆ ಅದು ಅನಾಗರಿಕವೆನಿಸಿತ್ತು. ಎಲೆ ತಿನ್ನುವುದರಿಂದ ಕಾನೂನು ಹುಟ್ಟುತ್ತದೆಯೇ?

ಹದಿನೈದು ದಿನ ಕುಳಿತು ನಿಯಮಾವಳಿ ಬರೆದೆ. ಸದಸ್ಯತ್ವ, ಅಧ್ಯಕ್ಷರ ಚುನಾವಣೆ, ಕೋರಂ, ಬಹುಮತ, ಅಧ್ಯಕ್ಷರ ನಿರ್ಣಾಯಕ ಮತ, ಎಲ್ಲವೂ ಇತ್ತು. ಯಜಮಾನರು ಸಂಜೆ ಬಂದು ಜಗಲಿಯ ಮೇಲೆ ಕುಳಿತು ಓದಿಸಿಕೊಳ್ಳುತ್ತಿದ್ದರು. ಕೋರಂ ಎಂದರೇನೆಂದು ಕೇಳಿದರು. ಇಷ್ಟು ಜನ ಬರದಿದ್ದರೆ ಅದು ಸಭೆಯೇ ಅಲ್ಲ ಎಂದು ತಿಳಿಸಿದೆ.

"ಸರಿ ಬುಡು. ಬರ್ದೇ ಇದ್ದೋರು ಮಾರ್ನೇ ದಿನ ಬೆಳಿಗ್ಗೆ ಬಂದು ಜಗಳ ಆಡ್ತಾರಲ್ಲ, ಅದಕ್ಕೇನು ಬರ್ದಿದೀಯ?"

ಅದಕ್ಕೂ ಒಂದು ನಿಯಮ ಬೇಕೆಂದು ಪುಟದ ಅಂಚಿನಲ್ಲಿ ಗುರುತು ಹಾಕಿಕೊಂಡೆ.

ಸದಸ್ಯತ್ವದ ನಿಯಮದಲ್ಲಿ ನಾನೊಂದು ತಪ್ಪು ಮಾಡಿದ್ದೆ. ತಪ್ಪೆಂದು ಅಂದು ಕೇರಿಯ ಗಂಡಸರು ಹೇಳಿದರು, ನಾನೂ ಒಪ್ಪಿದ್ದೆ. ಮತದಾರರ ಪಟ್ಟಿಯ ಮಾದರಿಯನ್ನು ಮನಸ್ಸಿನಲ್ಲಿಟ್ಟುಕೊಂಡು, "ಇಪ್ಪತ್ತೊಂದು ವರ್ಷ ತುಂಬಿದ, ಕೇರಿಯಲ್ಲಿ ವಾಸವಾಗಿರುವ ಪ್ರತಿಯೊಬ್ಬರೂ ಸದಸ್ಯರು" ಎಂದು ಬರೆದುಬಿಟ್ಟಿದ್ದೆ. ಅದರೊಳಗೆ ಹೆಂಗಸರೂ ಸೇರುತ್ತಾರೆಂಬುದು ನನಗಾಗಲಿ ಯಜಮಾನರಿಗಾಗಲಿ ಹೊಳೆಯಲಿಲ್ಲ. ಹೊಳೆದದ್ದು ಅಡುಗೆಮನೆಯ ಬಾಗಿಲಲ್ಲಿ ಕುಳಿತು ರಾಗಿ ಕೇರುತ್ತಿದ್ದ ಅತ್ತೆಗೆ. ಯಜಮಾನರು ಹೋದ ಮೇಲೆ ಮೊರ ಕೆಳಗಿಟ್ಟರು.

"ಲೋ, ಪ್ರತಿಯೊಬ್ಬರೂ ಅಂದ್ರೆ ನಾನೂ ಸೇರ್ದೆ ಅಲ್ವೇನೋ?"

"ಅದು ಹಾಗಲ್ಲ ಅತ್ತೆ..."

"ಎಂಗಲ್ಲ? ನಂಗೆ ಇಪ್ಪತ್ತೊಂದು ತುಂಬಿಲ್ವಾ? ಇಲ್ಲಿ ವಾಸ ಇಲ್ವಾ? ಎಲ್ಡು ವರ್ಷದ್ ಕೆಳಗೆ ಡೆಲ್ಲಿ ಸರ್ಕಾರಕ್ಕೆ ನನ್ನ ಓಟು ಬೇಕಾಗಿತ್ತು. ಮನೆ ಬಾಗ್ಲಿಗೆ ಬಂದು ಕೈ ಮುಗುದ್ರು. ನಲ್ಲಿಗೆ ಬೇಡ್ವಾ?"

1952ರ ಮೊದಲ ಚುನಾವಣೆಯಲ್ಲಿ ಅತ್ತೆ ರೇಷ್ಮೆ ಸೀರೆ ಉಟ್ಟು ಮತ ಹಾಕಿ ಬಂದಿದ್ದರು. ಬೆರಳಿನ ಶಾಯಿ ಮಾಸುವವರೆಗೂ ಆ ಕೈಯಲ್ಲಿ ಪಾತ್ರೆ ಉಜ್ಜಲಿಲ್ಲ ಎಂದು ಮಾವ ಹೇಳುತ್ತಿದ್ದರು. ಮಾವ ಹೇಳುತ್ತಿದ್ದ ಕೆಲವೇ ಮಾತುಗಳಲ್ಲಿ ಅದೊಂದಾದ್ದರಿಂದ ನಂಬುತ್ತೇನೆ.

ಯಾವ ಸದಸ್ಯರಾದರೂ ಬರಹದ ಮೂಲಕ ಸೂಚನೆ ಕೊಡಬಹುದೆಂಬ ನಿಯಮವನ್ನೂ ನಾನೇ ಬರೆದಿದ್ದೆ. ಅದನ್ನೂ ಅವರು ಕೇಳಿಸಿಕೊಂಡಿದ್ದರು. ಅಂದೇ ನನ್ನ ಕೈಯಲ್ಲಿ ಬರೆಸಿದರು: ನಲ್ಲಿಯನ್ನು ಕೇರಿಯ ಕೆಳತುದಿಯಲ್ಲಿ ಹಾಕಿಸತಕ್ಕದ್ದು. ಸೂಚಕರು ಅತ್ತೆ, ಅನುಮೋದಕರು ಎದುರು ಮನೆಯಾಕೆ. ಯಜಮಾನರು ನಲ್ಲಿಯನ್ನು ಮಂದಿರದ ಮುಂದೆ ಹಾಕಿಸಬೇಕೆಂದಿದ್ದಾರೆ ಎಂಬುದು ಆ ಹೊತ್ತಿಗೆ ಕೇರಿಗೆಲ್ಲ ಗೊತ್ತಿತ್ತು. ಮೇಲಿನ ಮನೆಗಳವರಿಗೂ ಅದೇ ಇಷ್ಟ. ದೇವರ ಕಣ್ಣೆದುರು ನಲ್ಲಿಯಿದ್ದರೆ ಜಗಳವಾಗುವುದಿಲ್ಲ ಎಂಬುದು ಅವರ ವಾದ. ಕೆಳಗಿನ ಗಂಡಸರು ಅದಕ್ಕೆ ಎದುರಾಡಿರಲಿಲ್ಲ. ನೀರು ಹೊರುವವರು ಅವರಲ್ಲವಲ್ಲ.

ಆ ಭಾನುವಾರ ಗಂಡಸರು ಎಂದಿನಂತೆ ಜಗಲಿಯ ಮೇಲೆ ಸೇರಿದರು. ನಾನು ಹೊಸ ನಡವಳಿ ಪುಸ್ತಕ, ಮಸಿಕುಡಿಕೆ ಹಿಡಿದು ಕಂಬಕ್ಕೊರಗಿ ಕುಳಿತೆ. ಅಷ್ಟರಲ್ಲಿ ಕೆಳಗಿನಿಂದ ಹನ್ನೊಂದು ಮಂದಿ ಹೆಂಗಸರು, ಅತ್ತೆ ಮುಂದಾಗಿ, ಇಳಿಜಾರು ಹತ್ತಿ ಬಂದು ಅಂಗಳದ ಇನ್ನೊಂದು ಬದಿಯಲ್ಲಿ ಚಾಪೆ ಹಾಸಿಕೊಂಡು ಕುಳಿತರು. ಅತ್ತೆ ಕುಂಟುತ್ತಿದ್ದರು, ಎಂದಿಗಿಂತ ಸ್ವಲ್ಪ ಹೆಚ್ಚಾಗಿಯೇ ಎಂದು ನನಗನಿಸಿತು.

"ಇದೇನ್ರಪ್ಪಾ, ಹರಿಕಥೆ ಏನಾದ್ರೂ ಅದಾ ಇವತ್ತು?" ಎಂದು ಮೇಲಿನ ಮನೆಯ ವೃದ್ಧರೊಬ್ಬರು ಕೇಳಿದರು. ಅವರು ಕೇರಿಯ ಹಿರಿಯ ಬಡಗಿ.

"ಇಲ್ಲ ಕಣಣ್ಣ, ನಾವು ಸದಸ್ಯರು," ಎಂದರು ಅತ್ತೆ. "ಬೇಕಾದ್ರೆ ನಮ್ಮ ಹುಡುಗನ್ನ ಕೇಳಿ. ಅವ್ನೇ ಬರ್ದಿರೋದು."

ಎಲ್ಲರೂ ನನ್ನತ್ತ ನೋಡಿದರು. ನಾನು ನಿಯಮಾವಳಿಯತ್ತ ನೋಡಿದೆ. ಯಜಮಾನರು ಓದಿಸಿ ಕೇಳಿದರು, ರುಮಾಲು ಸರಿಪಡಿಸಿಕೊಂಡರು, "ಬರ್ದಾಗದಲ್ಲ, ಕೂತ್ಕಳಿ" ಎಂದರು.

ಮೊದಲ ವಿಷಯ ಅಧ್ಯಕ್ಷರ ಆಯ್ಕೆ. ಹೆಸರನ್ನು ಯಾರಾದರೂ ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು ಎಂದೆ.

"ನಲ್ವತ್ತು ವರ್ಷದಿಂದ ಕೂತಿರೋ ಜಾಗದಲ್ಲಿ ಕೂರೋಕೆ ಸೂಚಕರು ಬೇಕಾ?" ಎಂದರು ಯಜಮಾನರು. ಬಡಗಿ ಸೂಚಿಸಿದರು, ಅನುಮೋದನೆಗೆ ನಾಲ್ಕು ಜನ ಒಟ್ಟಿಗೆ ಎದ್ದು ನಿಂತರು. ಒಬ್ಬರು ಸಾಕೆಂದಾಗ ಉಳಿದ ಮೂವರಿಗೆ ಬೇಸರವಾಯಿತು. ಕೊನೆಗೆ ನಾಲ್ವರ ಹೆಸರನ್ನೂ ಬರೆದೆ.

ಎರಡನೆಯ ವಿಷಯ ನಲ್ಲಿ. ಯಜಮಾನರದು, ಅತ್ತೆಯದು, ಎರಡು ಸೂಚನೆಗಳನ್ನೂ ಓದಿದೆ. ಮಂದಿರದ ಮುಂದೆ ಬೇಕೆನ್ನುವವರು ಕೈಯೆತ್ತಿ ಎಂದೆ. ಗಂಡಸರ ಕಡೆಯ ಎಲ್ಲ ಕೈಗಳೂ ಎದ್ದವು. ಹೆಂಗಸರಲ್ಲಿಯೂ ನಾಲ್ಕಾರು ಕೈ ಎದ್ದವು; ಅವರವರ ಗಂಡಂದಿರು ನೋಡುತ್ತಿದ್ದರು. ಎಣಿಸಿ ಬರೆದುಕೊಂಡೆ. ಅತ್ತೆಯ ಕಡೆ ನೋಡುವ ಧೈರ್ಯವಾಗಲಿಲ್ಲ. ಕೆಳತುದಿಯಲ್ಲಿ ಬೇಕೆನ್ನುವವರು ಎಂದೆ. ಮತ್ತೆ ಎಲ್ಲ ಕೈಗಳೂ ಎದ್ದವು. ಗಂಡಸರದು, ಹೆಂಗಸರದು, ಅರ್ಚಕರದು. ಯಜಮಾನರ ಕೈಯೂ ಮೇಲಿತ್ತು.

"ಹಾಗಲ್ಲ," ಎಂದೆ. "ಒಬ್ಬರು ಒಂದಕ್ಕೇ ಎತ್ತಬೇಕು."

"ಅದೆಂಗಪ್ಪ?" ಎಂದರು ಬಡಗಿ. "ನೀನು ಯಜಮಾನ್ರ ಮಾತು ಓದ್ದೆ, ಎತ್ತಿದ್ವಿ. ಆವಮ್ಮನ ಮಾತು ಓದ್ದೆ, ಎತ್ತಿದ್ವಿ. ಕೇಳ್ದಾಗ ಎತ್ತದೇ ಕೂರೋದು ಮರ್ಯಾದೆಯಾ?"

"ಆದರೆ ಯಜಮಾನರೇ, ನೀವೂ ಎರಡಕ್ಕೂ..."

"ಎತ್ತಿದೆ. ಬರ್ಕೋ."

ಇನ್ನೊಮ್ಮೆ ತಿಳಿಸಿ ಹೇಳಿ ಇನ್ನೊಮ್ಮೆ ಎತ್ತಿಸಿದೆ. ಈ ಸಲ ಮೊದಲನೆಯದಕ್ಕೆ ಒಬ್ಬರೂ ಎತ್ತಲಿಲ್ಲ, ಎರಡನೆಯದಕ್ಕೂ ಎತ್ತಲಿಲ್ಲ. ಯಾರ ಮನಸ್ಸನ್ನೂ ನೋಯಿಸದಿರಲು ಕೇರಿ ಒಟ್ಟಾಗಿ ಕಂಡುಕೊಂಡ ಉಪಾಯ ಅದು. ಕೆಳಗಿನ ಹೆಂಗಸರು ಕೂಡ, ಮೇಲಿನವರು ಇಷ್ಟು ಸೌಜನ್ಯ ತೋರುವಾಗ ತಾವು ಮಾತ್ರ ಕೈಯೆತ್ತಿ ಕೂರುವುದು ಹೇಗೆಂದು ಸುಮ್ಮನಿದ್ದರು. ನನ್ನ ಪುಸ್ತಕದಲ್ಲಿ ಎರಡು ಸೊನ್ನೆಗಳು ಬಿದ್ದವು.

ಸಮಬಲವಾದಾಗ ಅಧ್ಯಕ್ಷರು ನಿರ್ಣಾಯಕ ಮತ ಕೊಡಬಹುದೆಂದು ನಾನು ಕೊನೆಯ ಅಸ್ತ್ರ ಬಿಟ್ಟೆ.

"ನಾನೊಬ್ನೇ ಹೇಳೋದಾದ್ರೆ ಇವ್ರೆಲ್ಲ ಯಾಕಪ್ಪ ಬಂದ್ರು?" ಎಂದು ಯಜಮಾನರು ಅದನ್ನೂ ತಳ್ಳಿಹಾಕಿದರು. ಆಮೇಲೆ ಅರ್ಚಕರ ಕಡೆ ತಿರುಗಿ, "ತಟ್ಟೆ ತಗಂಬನ್ನಿ ಸ್ವಾಮಿ. ಮಂದಿರದ ಮುಂದೆ ಅಂತ ಕಳುಸ್ತಾ ಇವ್ನಿ," ಎಂದರು.

ಜಗಲಿಯ ಮೇಲೆ ಒಂದು ನೆಮ್ಮದಿಯ ನಿಟ್ಟುಸಿರು ಹರಿಯಿತು. ಎಲ್ಲರಿಗೂ ಗೊತ್ತಿದ್ದ ದಾರಿ ಅದು. ತಟ್ಟೆ ಬಡಗಿಯಿಂದ ಹೊರಟಿತು. ಒಬ್ಬೊಬ್ಬರೇ ಎಲೆ ತೆಗೆದುಕೊಂಡರು. ಮಾವನ ಮುಂದೆ ಬಂತು. ಅಂಗಳದ ಆಚೆ ಬದಿಯಿಂದ ಅತ್ತೆ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಮಾವ ತಟ್ಟೆಯನ್ನು ನೋಡಿದರು, ಅತ್ತೆಯನ್ನು ನೋಡಿದರು, ಉಳಿದದ್ದನ್ನು ನಲವತ್ತು ವರ್ಷದ ಅಭ್ಯಾಸ ನೋಡಿಕೊಂಡಿತು. ಕೈ ತಾನಾಗಿ ಎಲೆ ತೆಗೆದುಕೊಂಡಿತು.

"ಆಗ್ಲಿ," ಎಂದರು ಅತ್ತೆ, ಎಲ್ಲರಿಗೂ ಕೇಳುವಂತೆ. "ನಾಳೆಯಿಂದ ನೀರು ಕುದ್ರೆ ಮೇಲೆ ತನ್ನಿ."

ನಗು ಎದ್ದಿತು. ಮಾವ ಎಲೆಯನ್ನು ಬಾಯಿಗೆ ಹಾಕಲಾರದೆ ತಟ್ಟೆಗೆ ಮರಳಿಸಲಾರದೆ ಕೈಯಲ್ಲೇ ಹಿಡಿದು ಕುಳಿತರು.

ಗಂಡಸರ ಸಾಲು ಮುಗಿಯಿತು. ಅರ್ಚಕರು ಅಂಗಳದ ಅಂಚಿನಲ್ಲಿ ನಿಂತರು. ಇದುವರೆಗೆ ತಟ್ಟೆ ಅಲ್ಲಿಂದ ಮುಂದೆ ಹೋದದ್ದಿಲ್ಲ.

"ಇತ್ಲಾಗೂ ಕೊಡ್ಲಾ?" ಎಂದು ಕೇಳಿದರು.

"ಕೂತವ್ರಲ್ಲ ಸ್ವಾಮಿ. ಕೊಡದೇ ಇರೋಕಾಯ್ತದಾ?" ಎಂದರು ಯಜಮಾನರು.

ಇಲ್ಲಿ ಯಾರೂ ಮೊದಲೇ ಯೋಚಿಸಿರದ ಒಂದು ತೊಡಕು ಎದುರಾಯಿತು. ದೇವರ ಮುಂದೆ, ಅರ್ಚಕರ ಕೈಯಿಂದ ಬಂದ ತಾಂಬೂಲವನ್ನು ಮುತ್ತೈದೆ ಬೇಡವೆನ್ನುವಂತಿಲ್ಲ. ಗಂಡಸಿಗೆ ಎಲೆ ಬಿಡುವ ಸ್ವಾತಂತ್ರ್ಯವಿತ್ತು, ಹೆಂಗಸಿಗೆ ಇರಲಿಲ್ಲ. ಹನ್ನೊಂದು ಮಂದಿಯೂ ತೆಗೆದುಕೊಂಡರು. ಅತ್ತೆ ಕೊನೆಯವರು. ಎಲೆಯನ್ನು ಕಣ್ಣಿಗೊತ್ತಿ ಸೆರಗಿನ ತುದಿಗೆ ಕಟ್ಟಿಕೊಂಡರು. ತಟ್ಟೆ ಬರಿದಾಯಿತು. ಕೇರಿಯ ಕಾನೂನಿನಂತೆ ನಲ್ಲಿ ಮಂದಿರದ ಮುಂದೆ ಬಿತ್ತು. ಅತ್ತೆಯ ಒಪ್ಪಿಗೆಯೂ ಸೇರಿ. ನಾನು ಬರೆಯಲು ಲೇಖನಿ ಅದ್ದಿದೆ.

"ಬರೀಬೇಡ, ತಡಿಯೋ," ಎಂದರು ಅತ್ತೆ. ಮೊಣಕಾಲಿನ ಮೇಲೆ ಕೈಯೂರಿ ಎದ್ದರು. "ಯಜಮಾನ್ರೇ, ನಾವು ಎಲೆ ತಗಂಡಿದ್ದು ತಾಂಬೂಲ ಬೇಡ ಅನ್ಬಾರ್ದು ಅಂತ. ನಲ್ಲಿಗೆ ಅಲ್ಲ."

"ಅಂಗಾರೆ ನಾವು ತಗಂಡಿದ್ದು ಯಾವ್ದಕ್ಕೆ?" ಎಂದು ಬಡಗಿ ಕೇಳಿದರು.

"ನೀವು ಎಲೆ ತಿನ್ನೋ ಚಟಕ್ಕೆ."

ಮತ್ತೆ ನಗು. ಅದು ಅಡಗುವ ಮೊದಲೇ ಅತ್ತೆ ಮಂದಿರದ ಪಕ್ಕದ ಮನೆಗೆ, ಎಂದರೆ ಯಜಮಾನರ ಮನೆಗೇ, ಹೋದರು. ಸ್ವಲ್ಪ ಹೊತ್ತಿನಲ್ಲಿ ಹೊರಬಂದಾಗ ಅವರ ಕೈಯಲ್ಲಿ ಇನ್ನೊಂದು ತಟ್ಟೆಯಿತ್ತು. ಅರಿಸಿನ, ಕುಂಕುಮ, ಹೂವು, ಎಲೆಯಡಿಕೆ, ಎಲ್ಲವೂ ಅದರಲ್ಲಿ. ಯಜಮಾನರ ಮಡದಿ ಬಾಗಿಲವರೆಗೆ ಬಂದು ಚೌಕಟ್ಟು ಹಿಡಿದು ನಿಂತರು. ಅತ್ತೆ ಕುಂಟುತ್ತ ಜಗಲಿಯ ಮುಂದೆ ಬಂದು ತಟ್ಟೆಯನ್ನು ಎರಡು ಕೈಯಿಂದ ಚಾಚಿದರು.

"ಯಜಮಾನ್ರೇ, ಇದು ನಲ್ಲಿ ಕೆಳಗೆ ಹಾಕುಸ್ಬೇಕು ಅಂತ ತಟ್ಟೆ."

ಯಜಮಾನರು ತಟ್ಟೆಯನ್ನು ನೋಡಿದರು. ಬಾಗಿಲಲ್ಲಿ ನಿಂತ ಮಡದಿಯನ್ನೂ ನೋಡಿದರು.

"ತಗಳ್ದೇ ಇದ್ರೆ ಏನಮ್ಮ?"

"ಮುತ್ತೈದೆ ಕೈ ತಾಂಬೂಲ ಯಜಮಾನ್ರು ಬೇಡ ಅಂದ್ರು ಅಂತಾಯ್ತದೆ."

"ತಗಂಡ್ರೆ?"

"ನೀರು ಬತ್ತದೆ."

ಯಜಮಾನರು ನಕ್ಕರು. ಎಂಥ ನಗು ಎಂದರೆ ರುಮಾಲು ಓರೆಯಾಗಿ ಕಿವಿಯ ಮೇಲೆ ಬಂತು. ಅದನ್ನು ಸರಿಪಡಿಸಿಕೊಳ್ಳದೆಯೇ ಎರಡೂ ಕೈಯಿಂದ ಎಲೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಬಳಿಕ ಆ ತಟ್ಟೆಯನ್ನು ಅರ್ಚಕರ ಕೈಗೆ ಕೊಟ್ಟು, "ನಡೀರಿ, ಎಲ್ರಿಗೂ," ಎಂದರು. ಯಜಮಾನರು ತೆಗೆದುಕೊಂಡ ತಟ್ಟೆಯಲ್ಲಿ ಎಲೆ ಬಿಡುವವರು ಯಾರು? ಮೇಲಿನ ಮನೆಗಳವರೂ ತೆಗೆದುಕೊಂಡರು. ಬಡಗಿ, "ಮೊದ್ಲೆಲೆ ಇನ್ನೂ ಬಾಯಲ್ಲೇ ಅದೆ," ಎಂದು ಗೊಣಗುತ್ತ ತೆಗೆದುಕೊಂಡರು. ಮಾವ ಎರಡು ಎಲೆ ತೆಗೆದುಕೊಂಡರು.

ನಾನು ದಿಕ್ಕುತಪ್ಪಿ ಕುಳಿತಿದ್ದೆ. ಮೊದಲಿನ ತೀರ್ಮಾನವನ್ನು ಹಿಂತೆಗೆದುಕೊಳ್ಳದೆ ಎರಡನೆಯದನ್ನು ಅಂಗೀಕರಿಸುವಂತಿಲ್ಲ ಎಂಬುದೂ ನನ್ನ ನಿಯಮಾವಳಿಯಲ್ಲಿತ್ತು. "ಏನೆಂದು ಬರೆಯಲಿ?" ಎಂದು ಕೇಳಿದೆ.

"ಅದೇನೋ ಒಂದು ಪದ ಓದ್ದಲ್ಲಪ್ಪ ಬಿಯ್ಯೇ. ಸರ್ವಾನುಮತ. ಚೆನ್ನಾಗದೆ ಅದು. ಅದನ್ನೇ ಬರ್ದುಬುಡು."

ಹಾಗೆಯೇ ಬರೆದೆ. ನಡವಳಿ ಪುಸ್ತಕದಲ್ಲಿ ಎಲೆಯ ಮಾತಿಲ್ಲ, ತಟ್ಟೆಯ ಮಾತಿಲ್ಲ, ಎತ್ತಿದ ಕೈಗಳ ಲೆಕ್ಕವನ್ನು ಹೊಡೆದುಹಾಕಲಾಗಿದೆ. "ನಲ್ಲಿಯನ್ನು ಕೇರಿಯ ಕೆಳತುದಿಯಲ್ಲಿ ಹಾಕಿಸಿಕೊಡುವಂತೆ ಪುರಸಭೆಯನ್ನು ಪ್ರಾರ್ಥಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಎಂದಿದೆ. ಮುಂದೆ ನನ್ನ ವೃತ್ತಿಯಲ್ಲಿ ಇಂಥ ವಾಕ್ಯಗಳನ್ನು ಎಷ್ಟು ಓದಿದೆನೋ. ಪ್ರತಿ ಸಲವೂ, ಇಲ್ಲಿ ಯಾವ ತಟ್ಟೆ ತಿರುಗಿರಬಹುದೆಂದು ನನ್ನನ್ನೇ ಕೇಳಿಕೊಂಡಿದ್ದೇನೆ.

ನಲ್ಲಿ ದಸರೆಗೆ ಮುನ್ನ ಬಂತು. ಅತ್ತೆ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಮೊದಲ ಕೊಡವನ್ನು ತುಂಬಿಸಿ ಯಜಮಾನರ ಮನೆಗೆ ಕಳಿಸಿದರು. ನಮ್ಮ ಬಾಗಿಲಿನಿಂದ ನಲ್ಲಿಗೆ ಹದಿನಾಲ್ಕು ಹೆಜ್ಜೆ. ಅವರು ಬಂದವರಿಗೆಲ್ಲ ನಡೆದು ತೋರಿಸುತ್ತಿದ್ದರು. ಮೊಣಕಾಲು ಪೂರ್ತಿ ವಾಸಿಯಾಗಲಿಲ್ಲ; ಆದರೆ ದೊಡ್ಡ ರಸ್ತೆ ದಾಟುವುದು ತಪ್ಪಿತು. ನಲ್ಲಿಯ ಪಕ್ಕದ ಕಲ್ಲಿನ ಮೇಲೆ ಕುಳಿತು ಸಾಲು ನೋಡಿಕೊಳ್ಳುವ ಅಧಿಕಾರವನ್ನು ತಾವೇ ವಹಿಸಿಕೊಂಡರು. ಅಲ್ಲಿ ಹುಟ್ಟಿದ ನಿಯಮಗಳನ್ನು ಯಾರೂ ಬರೆಯಲಿಲ್ಲ. ಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟು ಬಂದವಳು ತನ್ನ ಸ್ಥಾನದಲ್ಲಿ ಒಂದು ಕಲ್ಲಿಟ್ಟು ಹೋಗಬಹುದು. ಆ ಕಲ್ಲನ್ನು ಅವಳೆಂದೇ ತಿಳಿಯಬೇಕು. ಬಸುರಿಗೆ ಸಾಲಿಲ್ಲ. ಜಗಳವಾಡಿದವರು ಇಬ್ಬರೂ ಸಾಲಿನ ಕೊನೆಗೆ ಹೋಗಬೇಕು. ಮೇಲಿನ ಮನೆಯ ಹೆಂಗಸರೂ ಕೊಡ ಹಿಡಿದು ಇಳಿದು ಬರುತ್ತಿದ್ದರು. ಬಾವಿಯಲ್ಲಿ ಸೇದುವುದಕ್ಕಿಂತ ಅಲ್ಲಿ ಸುದ್ದಿ ಹೆಚ್ಚು ಸಿಗುತ್ತಿತ್ತು.

ಬರೆದ ನಿಯಮಾವಳಿಯ ಗತಿಯನ್ನೂ ಹೇಳಿಬಿಡುತ್ತೇನೆ. ಮುಂದಿನ ಸಭೆಗಳಲ್ಲಿ ಸೂಚನೆ ಕೊಡುವವರು ತಮ್ಮ ತಟ್ಟೆಯನ್ನು ತಾವೇ ತರುವುದು ರೂಢಿಯಾಯಿತು. ಒಂದೊಂದು ಸಭೆಗೆ ಮೂರು ನಾಲ್ಕು ತಟ್ಟೆ ಬಂದು ಕೇರಿಯ ಬಾಯೆಲ್ಲ ಕೆಂಪಾಗುತ್ತಿತ್ತು. 1961ರಲ್ಲಿ, ನಾನು ಆಗಷ್ಟೇ ಸಂಶೋಧನೆಯ ಕೆಲಸಕ್ಕೆ ಸೇರಿದ್ದೆ, ನಿಯಮಾವಳಿಯನ್ನು ತಿದ್ದಿಕೊಡಲು ಮತ್ತೆ ನನ್ನನ್ನೇ ಕರೆದರು. "ಸಭೆಯ ಕೊನೆಯಲ್ಲಿ ತಾಂಬೂಲ ಕೊಡತಕ್ಕದ್ದು, ಅದನ್ನು ಮತವೆಂದು ಎಣಿಸತಕ್ಕದ್ದಲ್ಲ" ಎಂಬುದನ್ನು ಸೇರಿಸಿದೆವು. ಇಸವಿಗೆ ಆಧಾರ ಅಚ್ಚಾದ ಆ ನಿಯಮಾವಳಿಯ ಮುಖಪುಟ. ಎಣಿಸಬಾರದೆಂದು ಬರೆದ ಮೇಲೆ ಎಲ್ಲರೂ ಮೊದಲಿಗಿಂತ ಹೆಚ್ಚು ನಿಗಾ ಇಟ್ಟು ಎಣಿಸತೊಡಗಿದರು.

ಯಜಮಾನರು ತೀರಿಕೊಂಡ ಮೇಲೆ ಒಮ್ಮೆ, ಯಾವ ವರ್ಷವೆಂದು ಗೊತ್ತಾಗುತ್ತಿಲ್ಲ, ನಲ್ಲಿಯ ಪಕ್ಕದ ಕಲ್ಲಿನ ಮೇಲೆ ಕುಳಿತೇ ಅತ್ತೆ ನನಗೊಂದು ಮಾತು ಹೇಳಿದರು.

"ಅವತ್ತು ನಾನು ತಟ್ಟೆ ಹಿಡ್ಕಂಡು ಬರೋಕ್ ಮುಂಚೇನೇ ಅವ್ರು ನಗ್ತಿದ್ರು ಕಣೋ. ಒಳಗೆ ಹೋದ್ರೆ ಅವ್ರ ಮನೆಯವ್ರು ಎಲೆ ತೊಳ್ದು ಇಟ್ಟಿದ್ರು. ಯಾರಿಗೆ ಅಂತ ನಾನು ಕೇಳ್ಲಿಲ್ಲ."

ಅದನ್ನು ನಾನು ಅತ್ತೆಯ ವಿನಯವೆಂದು ಭಾವಿಸಿದೆ. ವಿನಯ ಅವರ ಸ್ವಭಾವದಲ್ಲಿ ಇರಲಿಲ್ಲವೆಂಬುದನ್ನು ಆಗಲೇ ನೆನೆಯಬೇಕಾಗಿತ್ತು.

ಈಗ ಜಯಲಕ್ಷ್ಮಿಪುರಂನಲ್ಲಿರುವ ನನ್ನ ಮನೆಗೆ ಕೆಲವು ತಿಂಗಳ ಹಿಂದೆ ಆ ಕೇರಿಯಿಂದ ಒಂದು ಸಣ್ಣ ತಗಡಿನ ಪೆಟ್ಟಿಗೆ ಬಂತು. ಮಂದಿರದ ದುರಸ್ತಿಯ ಸಮಯದಲ್ಲಿ ಅಟ್ಟದ ಮೇಲೆ ಸಿಕ್ಕಿತಂತೆ. ನಡವಳಿ ಪುಸ್ತಕ ಅದರಲ್ಲಿದೆ. ಮೇಲೆ ಉದ್ಧರಿಸಿದ ವಾಕ್ಯವನ್ನು ಅದರಿಂದಲೇ ತೆಗೆದುಕೊಂಡಿದ್ದೇನೆ. ಪುಸ್ತಕದ ಕೆಳಗೆ ಒಂದು ಅರ್ಜಿಯ ನಕಲು ಇತ್ತು. ಪುರಸಭೆಗೆ ಬರೆದದ್ದು, ಅಕ್ಷರ ಅರ್ಚಕರದೆಂದು ತೋರುತ್ತದೆ. ನಲ್ಲಿಯನ್ನು ಕೇರಿಯ ಕೆಳತುದಿಯಲ್ಲಿ ಹಾಕಿಸಿಕೊಡಬೇಕೆಂದು ಅದರಲ್ಲಿ ಕೇಳಿದೆ. ಕಾರಣ: "ಕೆಳಗಿನ ಮನೆಗಳ ಹೆಂಗಸರು ದೊಡ್ಡ ರಸ್ತೆ ದಾಟಿ ನೀರು ಹೊರುತ್ತಿದ್ದು, ಅವರಲ್ಲಿ ಮೊಣಕಾಲು ಕೆಟ್ಟವರೂ ಇರುವುದರಿಂದ." ಯಜಮಾನರ ರುಜು ಇದೆ. ರುಜುವಿನ ಕೆಳಗೆ ಮೊದಲು 'ಯಜಮಾನ' ಎಂದು ಬರೆದು, ಒಂದು ಗೆರೆ ಎಳೆದು, ಮೇಲೆ 'ಅಧ್ಯಕ್ಷ' ಎಂದು ತಿದ್ದಿದೆ.

ಅರ್ಜಿ ತಲಪಿದ್ದಕ್ಕೆ ಕಚೇರಿಯವರು ಒತ್ತಿದ ಮುದ್ರೆಯಲ್ಲಿ 1954ನೆಯ ಮೇ 18 ಎಂದಿದೆ. ಪಂಚಾಂಗ ನೋಡಿದೆ, ಮಂಗಳವಾರ. ಭೂತಗನ್ನಡಿ ಹಿಡಿದು ನೋಡಿದರೂ ಎಂಟು ಎಂಟಾಗಿಯೇ ಇದೆ. ನನ್ನ ನೆನಪಿನಂತೆ, ದಿನಚರಿಯಂತೆ, ನಡವಳಿ ಪುಸ್ತಕದಂತೆ, ಅವರನ್ನು ಅಧ್ಯಕ್ಷರೆಂದು ಆರಿಸಿದ ಸಭೆ, ಮಂದಿರದ ಮುಂದೆ ಎಂದು ಅವರು ಮೊದಲ ತಟ್ಟೆ ಕಳಿಸಿದ ಸಭೆ, ಅತ್ತೆ ಎರಡನೆಯ ತಟ್ಟೆ ಹಿಡಿದು ಗೆದ್ದ ಸಭೆ ನಡೆದದ್ದು ಅದಾದ ಐದು ದಿನಕ್ಕೆ.